ದಾವಣಗೆರೆಯಲ್ಲಿ ವಿಚ್ಛೇದನಕ್ಕೆ ವಕೀಲರನ್ನು ಗೊತ್ತುಮಾಡಿಕೊಂಡ ಬಗೆ

ನಮ್ಮಂಥ ಊರಿನಲ್ಲಿ ವಕೀಲರಿಗೇನೂ ಬರವಿಲ್ಲ, ತೊಡಕಿರುವುದು ಬಳಗದಲ್ಲಿ. ಜಗಳೂರು, ಹರಿಹರ, ಚನ್ನಗಿರಿ ಎಲ್ಲಿಯವರೇ ಆಗಲಿ, ಎರಡು ಮಾತಿಗೆ ಪರಿಚಯ ಸಿಕ್ಕಿಬಿಡುತ್ತದೆ. ಹಾಗಾಗಿ ಫೋನಿನಲ್ಲಿ ಕಥೆ ಹೇಳದೆ, ಎದುರು ಪಾರ್ಟಿಯ ಹೆಸರು, ತಂದೆಯ ಹೆಸರು, ಊರು ಇಷ್ಟನ್ನೇ ಹೇಳಿ, "ಇವರ ಕೇಸು ಯಾವತ್ತಾದರೂ ನಡೆಸಿದ್ದೀರಾ ಸರ್? ಸಂಬಂಧವೇನಾದರೂ ಇದೆಯಾ?" ಎಂದು ಕೇಳಿದೆ. ಇಲ್ಲ ಎಂದವರ ಮುಂದೆ ಮಾತ್ರ ವಿಷಯ ಬಿಚ್ಚಿದ್ದು. ಜಮೀನು ವ್ಯಾಜ್ಯ ನೋಡುವ ಮನೆ ವಕೀಲರನ್ನು ಇದಕ್ಕೂ ಹಿಡಿಯುವುದು ರೂಢಿ. ಅವರಿಗೆ ಎರಡೂ ಮನೆಯವರು ಗೊತ್ತಿರುತ್ತಾರೆ, ಅದೇ ಎಡವಟ್ಟು.

ಆ ವಕೀಲರ ಹೆಸರುಗಳನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ನೋಡಿದೆ. ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆರಿಸಿ ವಕೀಲರ ಹೆಸರು ಹಾಕಿದರೆ ಅವರ ಪ್ರಕರಣಗಳ ಪಟ್ಟಿ ಬರುತ್ತದೆ. ಅದರಲ್ಲಿ 'ಎಂ.ಸಿ.' ಎಂದಿರುವವು ವೈವಾಹಿಕ ಪ್ರಕರಣಗಳು. ಅವು ಎಷ್ಟಿವೆ, ಎಷ್ಟು ಇತ್ಯರ್ಥವಾಗಿವೆ ಎಂದು ಎಣಿಸಿದರೆ ಸಾಕು. ಬರೀ ಮುದ್ದತು (ವಿಚಾರಣೆಯ ತಾರೀಕು) ಮುಂದೆ ಹೋಗಿದ್ದಕ್ಕೆ ವಕೀಲರನ್ನೇ ದೂರಬಾರದು. ಸಮನ್ಸ್ ಜಾರಿಯಾಗದೆ ತಿಂಗಳುಗಟ್ಟಲೆ ನಿಲ್ಲುವುದೂ ಉಂಟು.

ಭೇಟಿಗೆ ಒಂದೇ ಹಾಳೆ ಒಯ್ದೆ: ಮದುವೆಯ ದಿನ ಮತ್ತು ಸ್ಥಳ, ಕೊನೆಯದಾಗಿ ಕೂಡಿ ಬಾಳಿದ ಮನೆ, ಬೇರೆಯಾದ ತಾರೀಕು, ಎದುರು ಪಾರ್ಟಿಯ ಈಗಿನ ವಿಳಾಸ. ಜತೆಗೆ ಲಗ್ನಪತ್ರಿಕೆ, ನೋಂದಣಿ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟಿನ ಜೆರಾಕ್ಸ್. ಅಸಲು ಮನೆಯಲ್ಲೇ ಇರಲಿ. ಯಾವ ಕೋರ್ಟಿನಲ್ಲಿ ಹಾಕಬಹುದೆಂಬುದು ಈ ವಿಳಾಸಗಳ ಮೇಲೆಯೇ ನಿಲ್ಲುತ್ತದೆ. ಹೆಂಡತಿ ಅರ್ಜಿದಾರಳಾದರೆ ತಾನಿರುವ ಊರಿನಲ್ಲೂ ಹಾಕಬಹುದು. ಇದನ್ನು ಕೇಳದೆ ನೇರ ಫೀಸಿಗೆ ಇಳಿದವರನ್ನು ನಾನು ಕೈಬಿಟ್ಟೆ.

ಇನ್ನೊಂದು ಪರೀಕ್ಷೆ: ಪರಸ್ಪರ ಒಪ್ಪಿಗೆಯಾದರೆ ಎಷ್ಟು ದಿನ? ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, ಆದರೆ ಅದು ನ್ಯಾಯಾಧೀಶರ ವಿವೇಚನೆ. "ತಿಂಗಳಲ್ಲಿ ಮುಗಿಸಿಕೊಡ್ತೀನಿ" ಎಂದು ಗ್ಯಾರಂಟಿ ಕೊಡುವವರ ಕಚೇರಿಯ ಮೆಟ್ಟಿಲು ಮತ್ತೆ ಹತ್ತಬೇಕಿಲ್ಲ.

ಫೀಸನ್ನು ಹಂತಕ್ಕೆ ಕಟ್ಟಿದೆ: ಅರ್ಜಿ ದಾಖಲು, ಮಧ್ಯಂತರ ಅರ್ಜಿ, ಸಾಕ್ಷ್ಯ ಮತ್ತು ಪಾಟಿ ಸವಾಲು, ವಾದ. ಟೈಪಿಂಗು, ಪ್ರಮಾಣಿತ ನಕಲಿನ ಖರ್ಚು ಇದರಲ್ಲಿ ಸೇರಿದೆಯೋ ಎಂಬುದನ್ನೂ ಬರೆಸಿಕೊಂಡೆ. ಇಲ್ಲದಿದ್ದರೆ ಮುದ್ದತಿಗೊಮ್ಮೆ ಗುಮಾಸ್ತರ ಕೈಗೆ ಚಿಲ್ಲರೆ ಹೋಗುತ್ತಲೇ ಇರುತ್ತದೆ. ಬಂದ ಜೀವನಾಂಶದಲ್ಲಿ ಪಾಲು ಕೇಳುವುದಕ್ಕೆ ಬಾರ್ ಕೌನ್ಸಿಲ್ ನಿಯಮವೇ ಅಡ್ಡ. ಹೆಣ್ಣುಮಕ್ಕಳಿಗಂತೂ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ವಕಾಲತ್ತಿಗೆ, ಅಂದರೆ ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕುವಾಗ ಗಡಿಬಿಡಿ ಬೇಡ. ಅಚ್ಚಾದ ಸಣ್ಣಕ್ಷರಗಳ ನಡುವೆ 'ರಾಜಿ ಮಾಡಿಕೊಳ್ಳಲು, ಹಣ ಪಡೆಯಲು' ಎಂಬ ಅಧಿಕಾರವೂ ಇರುತ್ತದೆ. ಆ ಪದಗಳನ್ನು ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ಇಬ್ಬರೂ ಚಿಕ್ಕ ಸಹಿ ಹಾಕಿದೆವು. ಖಾಲಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಕೊಡಲಿಲ್ಲ. ಕೇಸಿಗೆ ನಂಬರು ಬಿದ್ದ ದಿನವೇ ಸಿಎನ್‌ಆರ್ ಸಂಖ್ಯೆ (ಪ್ರತಿ ಕೇಸಿಗೂ ಕೊಡುವ ಗುರುತಿನ ಸಂಖ್ಯೆ) ಇಸಿದುಕೊಂಡೆ. ಹದಿನಾರು ಅಕ್ಷರ-ಅಂಕಿಗಳ ಅದೊಂದಿದ್ದರೆ ಮುಂದಿನ ಮುದ್ದತು ಯಾವಾಗ ಎಂದು ಯಾರನ್ನೂ ಕೇಳಬೇಕಿಲ್ಲ.

ವಕೀಲರನ್ನು ಬದಲಿಸುವುದಾದರೆ ಹಳಬರಿಂದ ನಿರಾಕ್ಷೇಪಣೆ ಬರೆಸಿಕೊಂಡು ಹೊಸ ವಕಾಲತ್ತು ಹಾಕಬೇಕು. ಫೀಸು ಬಾಕಿಯಿದೆಯೆಂದು ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ತೀರ್ಪು ಕೊಟ್ಟಿದೆ.