ಪರೀಕ್ಷೆ ಬರೆಯಲು ಹೋದವಳು ಪುಸ್ತಕ ಟೈಪ್ ಮಾಡಲು ಕೂತ ಬಗೆ

ಬಿ.ಕಾಂ. ಮುಗಿಸಿ, ಧಾರವಾಡದಲ್ಲಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸಕ್ಕಿರುವ ನನಗೂ ಹಳಗನ್ನಡಕ್ಕೂ ಯಾವ ನಂಟೂ ಇರಲಿಲ್ಲ. 2014ರಲ್ಲಿ ನಮ್ಮ ಓಣಿಯ ಹಿರಿಯರೊಬ್ಬರು ಮನೆಗೆ ಬಂದು, ಕನ್ನಡ ಎಂ.ಎ. ಓದುತ್ತಿರುವ ಅಂಧ ವಿದ್ಯಾರ್ಥಿಯೊಬ್ಬನಿಗೆ ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರು ಸಿಕ್ಕಿಲ್ಲ, ಆ ವಿಷಯವನ್ನೇ ಓದಿದವರು ಕೂತರೆ ಮೇಲ್ವಿಚಾರಕರಿಗೆ ಅನುಮಾನ ಬರುತ್ತದೆ, ನಿನಗೆ ಕನ್ನಡ ಸಾಹಿತ್ಯ ಗೊತ್ತಿಲ್ಲ, ಆದರೆ ಅಕ್ಷರ ದುಂಡಗಿದೆ, ಆದ್ದರಿಂದ ನೀನೇ ಸರಿ ಎಂದರು. ಇಂಥ ಅರ್ಹತೆಯ ಮೇಲೆ ನನಗೆ ಬೇರೆ ಯಾವ ಕೆಲಸವೂ ಸಿಕ್ಕಿರಲಿಲ್ಲ. ಒಪ್ಪಿಕೊಂಡೆ. ಸುತ್ತೋಲೆಗಳ ಭಾಷೆಯಲ್ಲಿ ಇದಕ್ಕೆ ಲಿಪಿಕಾರ ಎನ್ನುತ್ತಾರೆ, ವಿದ್ಯಾರ್ಥಿಗಳ ಬಾಯಲ್ಲಿ ಸ್ಕ್ರೈಬ್.

ಆ ಹುಡುಗ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬೆಳೆದವನು. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದ ಆ ಆಶ್ರಮದಲ್ಲಿ ಸಂಗೀತ ಕಲಿತಿದ್ದ, ಬ್ರೈಲ್ ಲಿಪಿಯನ್ನೂ ಚೆನ್ನಾಗಿ ಬಲ್ಲವನಾಗಿದ್ದ. ಪರೀಕ್ಷೆಗೆ ಮೊದಲು ಒಂದು ಸಲ ಕೂತು ಅಭ್ಯಾಸ ಮಾಡಬೇಕೆಂದು ಅವನು ಕೇಳಿಕೊಂಡಾಗ, ಬರೆಯುವುದರಲ್ಲಿ ಅಭ್ಯಾಸ ಮಾಡುವಂಥದ್ದೇನಿದೆ ಎಂದು ನಾನು ಹೋಗಲಿಲ್ಲ. ಅದು ನನ್ನ ಮೊದಲ ತಪ್ಪು.

ಮೂರು ಗಂಟೆಯ ಪತ್ರಿಕೆಗೆ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ ಸೇರಿ ನಾಲ್ಕು ಗಂಟೆ. ಅವನು ಹೇಳುವುದು ಬೇರೆಯವರಿಗೆ ಕೇಳಬಾರದೆಂದು ನಮಗೆ ಪ್ರತ್ಯೇಕ ಕೋಣೆ ಕೊಟ್ಟಿದ್ದರು. ಅದು ಹಳೆಯ ಬೆಂಚುಗಳನ್ನು ಪೇರಿಸಿಟ್ಟ ಕೋಣೆಯಾಗಿದ್ದು, ಗಂಟೆ ಬಾರಿಸುವ ಜಾಗ ಅದರ ಬಾಗಿಲ ಪಕ್ಕದಲ್ಲೇ ಇತ್ತು. ಮೊದಲ ಉತ್ತರದಲ್ಲಿ ಅವನ ಒಂದು ವಾಕ್ಯ ಎಳೆದಂತಾಯಿತೆನ್ನಿಸಿ, ಅವನಿಗೆ ತಿಳಿಸದೆ ಅದನ್ನು ಎರಡಾಗಿ ಒಡೆದು ಬರೆದೆ. ಪುಟ ಮುಗಿದ ಮೇಲೆ ಅವನು ಓದಿ ಹೇಳಲು ಕೇಳಿದ. ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಕ್ಕಾರ, ನಾ ಹಂಗ ಹೇಳಿಲ್ರಿ. ಮಾರ್ಕ್ಸ್ ಹೋದ್ರ ನಂದು ಹೋಗ್ಲಿ” ಎಂದ. ಆ ಪುಟವನ್ನು ಹೊಡೆದು ಮತ್ತೆ ಬರೆದೆ. ಹನ್ನೆರಡು ನಿಮಿಷ ಹೋಯಿತು.

ಎರಡನೆಯ ಪೆಟ್ಟು ಹಳಗನ್ನಡದ ಉದ್ಧರಣೆಯಲ್ಲಿ ಬಿತ್ತು. ‘ಇಲ್ಲಿ ಶಕಟರೇಫ, ಅಲ್ಲಿ ರಳ’ ಎಂದು ಅವನು ಹೇಳುತ್ತಾ ಹೋದ. ಱ ಮತ್ತು ೞ ಎಂಬ ಅಕ್ಷರಗಳನ್ನು ನಾನು ಆವರೆಗೆ ಬರೆದಿರಲೇ ಇಲ್ಲ. ಅವನಿಗೆ ಅವುಗಳ ಹೆಸರು ಗೊತ್ತಿತ್ತು, ಮುದ್ರಣದಲ್ಲಿ ಅವು ಹೇಗಿರುತ್ತವೆ ಎಂಬುದು ಗೊತ್ತಿರಲಿಲ್ಲ. ನನಗೆ ಎರಡೂ ಗೊತ್ತಿರಲಿಲ್ಲ. ಅಂದು ಸಾದಾ ರಕಾರ, ಳಕಾರಗಳನ್ನೇ ಬರೆದು ಮುಗಿಸಿದೆವು.

ಛಂದಸ್ಸಿನ ಪ್ರಶ್ನೆ ಬಂದಾಗ ಮಾತ್ರ ಲೆಕ್ಕ ತಿರುಗಿತು. ಭಾಮಿನಿ ಷಟ್ಪದಿಯ ಪದ್ಯವೊಂದಕ್ಕೆ ಪ್ರಸ್ತಾರ ಹಾಕಬೇಕಿತ್ತು. ಕಣ್ಣು ಕಾಣದವನು ಅಕ್ಷರದ ತಲೆಯ ಮೇಲೆ ಗುರು ಲಘು ಗುರುತು ಹಾಕಿಸುವುದು ಹೇಗೆ ಎಂದು ನಾನು ಯೋಚಿಸುತ್ತಿರುವಾಗಲೇ, ಅವನು ಪದ್ಯವನ್ನು ಎರಡು ಸಲ ಓದಿಸಿಕೊಂಡು, ಬೆಂಚಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ, ಮೂರು, ನಾಲ್ಕು, ಮೂರು, ನಾಲ್ಕು ಎಂದು ಗಣ ಒಡೆದು, ಒಂದೊಂದು ಅಕ್ಷರಕ್ಕೂ ಗುರು, ಲಘು ಎಂದು ಹೇಳುತ್ತಾ ಹೋದ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಿಗೆ ಮೂರು-ನಾಲ್ಕರ ಮೂರು ಜೋಡಿಯ ಮೇಲೊಂದು ಗುರು, ಒಟ್ಟು 23. ಮೂರನೆಯ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಾಯಿತು ಎಂದು ನಾನು ಹೇಳುವ ಮೊದಲೇ, ‘ನೀವು ದೀರ್ಘ ಓದಿದ್ರಿ, ಅಲ್ಲಿ ಹ್ರಸ್ವ ಇರಬೇಕು, ನೋಡ್ರಿ’ ಎಂದ. ಪ್ರಶ್ನೆಪತ್ರಿಕೆ ನೋಡಿದೆ. ಹ್ರಸ್ವವೇ ಇತ್ತು.

ಅಂದಿನಿಂದ ನಾನು ಕೆಲವು ರೂಢಿಗಳನ್ನು ಇಟ್ಟುಕೊಂಡೆ. ಪರೀಕ್ಷೆಗೆ ಮೊದಲು ಕನಿಷ್ಠ ಎರಡು ಬಾರಿ ಜೊತೆಯಲ್ಲಿ ಕೂರುವುದು. ಪ್ರಶ್ನೆಪತ್ರಿಕೆಯನ್ನು ಮೊದಲು ಅಂಕಗಳ ಸಮೇತ ಪೂರ್ತಿ ಓದುವುದು. ಅರ್ಧ ಗಂಟೆಗೊಮ್ಮೆ ಕೇಳದೆಯೇ ಸಮಯ ಹೇಳುವುದು. ಅವರು ತಪ್ಪು ಹೇಳುತ್ತಿದ್ದಾರೆ ಎನ್ನಿಸಿದಾಗ ಪೆನ್ನು ನಿಲ್ಲಿಸದಿರುವುದು. ಕೊನೆಯದೇ ಕಷ್ಟ. ಪೆನ್ನು ಒಂದು ಕ್ಷಣ ತಡೆದರೂ ವಿದ್ಯಾರ್ಥಿಗೆ ಅದು ಕೇಳಿಸುತ್ತದೆ, ‘ಹಂಗಾದ್ರ ಇದು ತಪ್ಪೇನ್ರಿ’ ಎಂಬ ಅನುಮಾನ ಅವನ ಮುಖದಲ್ಲಿ ಮೂಡುತ್ತದೆ. ಅದು ಸುಳಿವು ಕೊಟ್ಟಂತೆಯೇ.

ಆದರೆ ನನ್ನನ್ನು ಬಹುಕಾಲ ಕಾಡಿದ್ದು ಮತ್ತೊಬ್ಬ ವಿದ್ಯಾರ್ಥಿ. ಬಿ.ಎ. ಓದುತ್ತಿದ್ದ ಈತ ಹಳ್ಳಿಯ ಸಾಮಾನ್ಯ ಶಾಲೆಯಲ್ಲಿ ಕಲಿತವನು. ಪಾಠವೆಲ್ಲ ಕೇಳಿಯೇ ಕಲಿತಿದ್ದ, ಬ್ರೈಲ್ ಅವನಿಗೆ ಯಾರೂ ಕಲಿಸಿರಲಿಲ್ಲ. ನೆನಪಿನ ಶಕ್ತಿ ಅಪಾರ. ರಾಜ್ಯಶಾಸ್ತ್ರದ ಉತ್ತರ ಹೇಳುವಾಗ ಒಂದು ಪದದಲ್ಲಿ ನಾನು, “ಪ್ರಧಾನವೋ ಪ್ರದಾನವೋ” ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಎರಡೂ ಒಂದ ಅಲ್ಲೇನ್ರಿ ಅಕ್ಕಾ?’ ಎಂದ. ನಮ್ಮ ಕಡೆ ಮಾತಿನಲ್ಲಿ ಮಹಾಪ್ರಾಣ ಉಳಿದಿರುವುದೇ ಕಡಿಮೆ. ಕಣ್ಣಿದ್ದವರು ಅದನ್ನು ಪುಸ್ತಕದಲ್ಲಿ ನೋಡಿ ತಿದ್ದಿಕೊಳ್ಳುತ್ತಾರೆ, ಬ್ರೈಲ್ ಬಲ್ಲವರು ಬೆರಳಿನಲ್ಲಿ ಮುಟ್ಟಿ ತಿದ್ದಿಕೊಳ್ಳುತ್ತಾರೆ. ಕಿವಿಯೊಂದರಿಂದಲೇ ಪದವಿಯವರೆಗೆ ಬಂದ ಈ ಹುಡುಗನಿಗೆ ಕನ್ನಡದ ಕಾಗುಣಿತವೆಂಬುದು ಯಾರೋ ಆಡಿದ ಮಾತಷ್ಟೇ ಆಗಿತ್ತು. ಆ ದಿನ ನಾನು ಸರಿಯಾದ ಅಕ್ಷರವನ್ನೇ ಬರೆದೆ. ಅವನು ಹೇಳಿದ್ದನ್ನಷ್ಟೇ ಬರೆಯುತ್ತೇನೆ ಎಂಬ ನನ್ನ ನಿಯಮವನ್ನು ಮುರಿದೆನೋ ಪಾಲಿಸಿದೆನೋ ನನಗೆ ಈಗಲೂ ಖಚಿತವಿಲ್ಲ.

ಇಷ್ಟು ಹೊತ್ತಿಗೆ ನಾನು ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಕೆಲಸಕ್ಕೂ ಇಳಿದಿದ್ದೆ. ಶಾಲೆಯ ಪುಸ್ತಕಗಳು ಬ್ರೈಲಿನಲ್ಲಿ ಅಷ್ಟಿಷ್ಟು ಸಿಗುತ್ತವೆ. ಪದವಿಯ ಮೇಲೆ ಹೋದಂತೆ ಏನೂ ಇರುವುದಿಲ್ಲ. ಒಂದು ಗಂಟೆಯ ಧ್ವನಿಮುದ್ರಣಕ್ಕೆ ನನಗೆ ಎರಡು ಗಂಟೆಗೂ ಹೆಚ್ಚು ಬೇಕಾಗುತ್ತಿತ್ತು. ಫ್ಯಾನ್ ನಿಲ್ಲಿಸಬೇಕು, ಪಕ್ಕದ ಮನೆಯ ಕುಕ್ಕರಿನ ಸೀಟಿಗೆ ಕಾಯಬೇಕು, ಕೋಷ್ಟಕ ಬಂದರೆ ಮೊದಲು ಕಂಬಸಾಲುಗಳ ತಲೆಬರಹ ಹೇಳಿ ಆಮೇಲೆ ಒಂದೊಂದೇ ಅಡ್ಡಸಾಲು ಓದಬೇಕು. ‘ಇಲ್ಲೊಂದು ನಕ್ಷೆ ಇದೆ’ ಎಂದು ಹೇಳಿ ಮುಂದೆ ಹೋಗುವುದು ಓದಿದಂತಲ್ಲ. ಮೊದಲ ಪುಸ್ತಕವನ್ನು ಆಕಾಶವಾಣಿಯ ನಾಟಕದಂತೆ ಭಾವ ತುಂಬಿ ಓದಿದ್ದೆ. ಕೇಳಿದವರೆಲ್ಲ, ನಾವು ಇದನ್ನು ಎರಡರಷ್ಟು ವೇಗದಲ್ಲಿ ಕೇಳುತ್ತೇವೆ, ದಯವಿಟ್ಟು ಸಪ್ಪಗೆ ಓದಿ ಎಂದರು.

ಹೀಗೆ ಓದಿದ ವಾಣಿಜ್ಯಶಾಸ್ತ್ರದ ಪುಸ್ತಕವೊಂದನ್ನು ಒಮ್ಮೆ ನಾನೇ ಕೇಳಿಸಿಕೊಂಡೆ. ಅಧ್ಯಾಯದ ಉದ್ದಕ್ಕೂ ನಾನು ‘ಧನ’ವನ್ನು ‘ದನ’ ಎಂದೇ ಓದಿದ್ದೆ. ಮೂಲದನ, ಸಹಾಯದನ, ಪ್ರೋತ್ಸಾಹದನ. ನನ್ನ ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ಮಾತ್ರ ಆ ಬಿ.ಎ. ಹುಡುಗನ ಪ್ರಶ್ನೆ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. ನಾನು ಕೊಡುತ್ತಿದ್ದುದು ಪುಸ್ತಕವಲ್ಲ, ನನ್ನ ಬಾಯಿ.

2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಹೊಸ ಮಾರ್ಗಸೂಚಿ ಬಂತು. ಅಭ್ಯರ್ಥಿ ತಾನೇ ಲಿಪಿಕಾರರನ್ನು ಕರೆತಂದರೆ ಅವರ ವಿದ್ಯಾರ್ಹತೆ ಅಭ್ಯರ್ಥಿಯದಕ್ಕಿಂತ ಒಂದು ಹಂತ ಕಡಿಮೆಯಿರಬೇಕು ಎಂಬುದು ಅದರ ಸಾರವಾಗಿತ್ತು. 2013ರ ಮಾರ್ಗಸೂಚಿಯಲ್ಲಿ ಅಂಥ ಮಿತಿಯಿರಲಿಲ್ಲ. ಈ ನಿಯಮ ನಕಲು ತಡೆಯುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಪದವಿ ಪರೀಕ್ಷೆಗೆ ಪಿ.ಯು.ಸಿ. ಹುಡುಗರನ್ನು ಹುಡುಕಿದರೆ, ಅವರ ಪರೀಕ್ಷೆಯೂ ಅದೇ ತಿಂಗಳಲ್ಲಿ ಇರುತ್ತದೆ, ಅರ್ಥಶಾಸ್ತ್ರದ ಪದಗಳನ್ನು ಅವರು ಕೇಳಿಯೇ ಇರುವುದಿಲ್ಲ. ನನ್ನ ಬಿ.ಕಾಂ. ಪದವಿಯೇ ನನಗೆ ಅಡ್ಡ ಬಂದು, ಎಂ.ಎ. ಪರೀಕ್ಷೆಗಳನ್ನು ಬಿಟ್ಟರೆ ಬೇರೆಡೆ ನಾನು ಕೂರುವಂತಿರಲಿಲ್ಲ. ಕೈ ಬಿಡುವಾಯಿತು, ಆಗ ಟೈಪಿಂಗ್‌ಗೆ ಕೂತೆ.

ಅಕ್ಷರರೂಪದ ಕಡತವೊಂದಿದ್ದರೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಅದನ್ನು ಕಂಪ್ಯೂಟರಿನಲ್ಲಿ ಓದುತ್ತದೆ, ಬೇಕಾದರೆ ಒಂದೊಂದೇ ಅಕ್ಷರವಾಗಿ. ಅದೇ ಕಡತವನ್ನು ಬ್ರೈಲಿಗೆ ತಿರುಗಿಸಿ ಮುದ್ರಿಸಬಹುದು. ಭಾರತೀಯ ಭಾಷೆಗಳಿಗೆ ಬಳಸುವ, ಆರು ಚುಕ್ಕಿಗಳ ಭಾರತಿ ಬ್ರೈಲಿನಲ್ಲಿ ದಕಾರಕ್ಕೆ 1, 4, 5ನೆಯ ಚುಕ್ಕಿಗಳು, ಧಕಾರಕ್ಕೆ 2, 3, 4, 6. ಕಿವಿ ಮೋಸ ಹೋದರೂ ಬೆರಳು ಮೋಸ ಹೋಗುವಷ್ಟು ಹತ್ತಿರದ ಅಕ್ಷರಗಳಲ್ಲ. ಹಕ್ಕುಸ್ವಾಮ್ಯದ ಭಯವೂ ಬೇಡ. 2012ರ ತಿದ್ದುಪಡಿಯಿಂದಾಗಿ, ಅಂಗವಿಕಲರು ಓದಲಾಗುವ ರೂಪಕ್ಕೆ ಕೃತಿಯನ್ನು ತಿರುಗಿಸಿ ಅವರ ಓದಿಗೆ ಕೊಡುವುದಕ್ಕೆ ನಮ್ಮ ಕಾಯ್ದೆಯಲ್ಲೇ ಅವಕಾಶವಿದೆ. ಇದೇ ಆಶಯದ ಮರ್ರಕೇಶ್ ಒಪ್ಪಂದವನ್ನು 2014ರಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶವೂ ಭಾರತವೇ.

ಕಷ್ಟವಿರುವುದು ಕನ್ನಡದ ಕಡತಗಳಲ್ಲಿ. ಒಬ್ಬ ಪ್ರಕಾಶಕರು ಉದಾರವಾಗಿ ತಮ್ಮ ಪುಸ್ತಕದ ಕಡತವನ್ನೇ ಕೊಟ್ಟರು. ನನಗೆ ಪರದೆಯಲ್ಲಿ ಅಚ್ಚುಕಟ್ಟಾದ ಕನ್ನಡ ಕಂಡಿತು. ತಂತ್ರಾಂಶಕ್ಕೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕೇಳಿಸಿತು. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಕಡತವದು, ಎಲ್ಲ ತಂತ್ರಾಂಶಗಳೂ ಕನ್ನಡವೆಂದು ಗುರುತಿಸುವ ಯೂನಿಕೋಡ್ ಸಂಕೇತದಲ್ಲಿ ಅಲ್ಲ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಪರಿವರ್ತಿಸಿದ ಮೇಲೆ ಅರ್ಕಾವೊತ್ತುಗಳು ಜಾಗ ಬದಲಿಸಿರುತ್ತವೆ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ ಬಳಸಿದರೆ ಪ ಷ ಆಗುತ್ತದೆ, ಘ ಫ ಆಗುತ್ತದೆ, ಧ ಥ ಆಗುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಸೊನ್ನೆ. ಟೈಪ್ ಮಾಡುವ ಹಲವರು ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತುತ್ತಾರೆ. ಕಣ್ಣಿಗೆ ಎರಡೂ ಒಂದೇ. ತಂತ್ರಾಂಶ ಓದುವಾಗ ‘ಸಂಗೀತ’ ಎಂಬುದು ‘ಸ ಸೊನ್ನೆ ಗೀತ’ ಆಗುತ್ತದೆ. ಪ್ರತಿ ಕಡತದಲ್ಲೂ ನಾನು ಮೊದಲು ಹುಡುಕುವುದು ಇದನ್ನೇ.

ಕಚೇರಿಯ ಕೆಲಸ ಮುಗಿಸಿ ರಾತ್ರಿ ಊಟವಾದ ಮೇಲೆ ಕೂತರೆ ದಿನಕ್ಕೆ ನಾಲ್ಕೈದು ಪುಟ ತಿದ್ದಬಹುದು. ಮಾರ್ಚ್‌ನಲ್ಲಿ ಅದೂ ಇಲ್ಲ, ಲೆಕ್ಕಪತ್ರಗಳ ತಿಂಗಳು. ಇನ್ನೂರು ಪುಟದ ಪುಸ್ತಕಕ್ಕೆ ಎರಡು ತಿಂಗಳು. ಹುಟ್ಟುಹಬ್ಬಕ್ಕೆ ಅಂಧ ಮಕ್ಕಳಿಗೆ ಸಿಹಿ ಊಟ ಹಾಕಿಸುತ್ತೇವೆ ಎಂದು ಕೇಳಿಕೊಂಡು ಬರುವವರು ವರ್ಷಕ್ಕೆ ಹತ್ತಾರು ಮಂದಿ. ಊಟ ಬೇಡವೆನ್ನುವುದಿಲ್ಲ, ಆದರೆ ವಾರಕ್ಕೆ ಹತ್ತು ಪುಟ ಕರಡು ತಿದ್ದಿಕೊಡಿ ಎಂದರೆ ಅವರಲ್ಲಿ ಮರಳಿ ಬಂದವರು ಈವರೆಗೆ ಮೂವರು. ಅವರಲ್ಲಿ ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು, ಮಹಾಪ್ರಾಣಗಳ ಹೊಣೆ ಪೂರ್ತಿ ಅವರದು.

ಆ ಎಂ.ಎ. ಹುಡುಗ ಈಗ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾನೆ. ಸಿದ್ಧವಾದ ಕಡತಗಳನ್ನು ಮೊದಲು ಅವನಿಗೇ ಕಳುಹಿಸುತ್ತೇನೆ. ತಪ್ಪುಗಳ ಪಟ್ಟಿ ಮಾಡಿ ವಾಪಸು ಕಳುಹಿಸುತ್ತಾನೆ. ಕಳೆದ ವಾರ ಬಂದ ಪಟ್ಟಿಯಲ್ಲಿ ಮೂವತ್ತೊಂದು ತಪ್ಪುಗಳಿದ್ದವು, ಅದರಲ್ಲಿ ಹತ್ತೊಂಬತ್ತು ಸೊನ್ನೆ. ಕೊನೆಯಲ್ಲಿ ಒಂದು ಸಾಲು ಬರೆದಿದ್ದ: ‘ಅಕ್ಕಾರ, ಪುಟ 84ರಾಗ ಶಕಟರೇಫ ಸರಿ ಬಂದೈತ್ರಿ.’