ಟೊಮೆಟೊ ಮಂಡಿ ಲೆಕ್ಕಕ್ಕೊಂದು ವೆಬ್ ಆ್ಯಪ್: ಜಾಂಗೊ ಶುರು ಮಾಡುವುದು ಹೇಗೆ?

ವೆಬ್ ಫ್ರೇಮ್‌ವರ್ಕ್ (ವೆಬ್ ಆ್ಯಪ್ ಕಟ್ಟಲು ಬೇಕಾದ ಸಿದ್ಧ ಚೌಕಟ್ಟು) ಕಲಿಯಲು ಕೂತವರು ಸಾಮಾನ್ಯವಾಗಿ ಪುಟದ ಅಂದಚಂದದಿಂದ ಶುರು ಮಾಡುತ್ತಾರೆ. ಬಣ್ಣ, ಬಟನ್, ಮೆನು ಎಂದು ದಿನಗಳು ಕಳೆದು, ಮಾಹಿತಿ ಉಳಿಸುವ ಕೆಲಸ ಬಂದಾಗ ಕೈಚೆಲ್ಲುತ್ತಾರೆ. ಪೈಥಾನ್ ಭಾಷೆಯ ಫ್ರೇಮ್‌ವರ್ಕ್ ಆದ ಜಾಂಗೊದಲ್ಲಿ ಈ ಕ್ರಮವನ್ನು ತಿರುವುಮುರುವು ಮಾಡುವುದೇ ವಾಸಿ. ಮೊದಲು ಮಾಹಿತಿ ಉಳಿಸುವ ಟೇಬಲ್, ಆಮೇಲೆ ಪುಟ. ಟೇಬಲ್ ಸರಿಯಿದ್ದರೆ ಮಾಹಿತಿ ತುಂಬುವ, ತಿದ್ದುವ, ಹುಡುಕುವ ಅಡ್ಮಿನ್ ಪುಟಗಳನ್ನು ಜಾಂಗೊ ತಾನೇ ಕಟ್ಟಿಕೊಡುತ್ತದೆ. ಅದು ಹುಟ್ಟಿದ್ದೂ ಹಾಗೆಯೇ: 2003ರಲ್ಲಿ, ಅಮೆರಿಕದ ಕಾನ್ಸಾಸ್‌ನ ಲಾರೆನ್ಸ್ ಊರಿನ ಪತ್ರಿಕೆಯೊಂದರ ಕಚೇರಿಯಲ್ಲಿ. ಗಡುವಿನೊಳಗೆ ಮಾಹಿತಿ ತುಂಬಬೇಕಿದ್ದವರಿಗಾಗಿ ಬರೆದದ್ದನ್ನು 2005ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟರು.

ಉದಾಹರಣೆಗೆ ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಯೊಂದರ ದಿನದ ಲೆಕ್ಕ ಇಟ್ಟುಕೊಳ್ಳೋಣ. ಯಾವ ರೈತರ ಮಾಲು, ಎಷ್ಟು ಬಾಕ್ಸ್, ಹರಾಜಿನಲ್ಲಿ 15 ಕೆ.ಜಿ. ಬಾಕ್ಸಿಗೆ ಎಷ್ಟು ದರ, ಇಷ್ಟೇ. ಕಮಾಂಡ್‌ಗಳನ್ನು ಇಲ್ಲಿ ಓದುವಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

ಕಂಪ್ಯೂಟರ್ ಸಿದ್ಧತೆ

ವಿಂಡೋಸ್‌ನಲ್ಲಿ ಪೈಥಾನ್ 3.12 ಅಥವಾ ನಂತರದ ಆವೃತ್ತಿ ಹಾಕಿಕೊಳ್ಳಿ. ಇನ್‌ಸ್ಟಾಲರ್‌ನ ಮೊದಲ ಪರದೆಯ ಕೆಳಗೆ ಪೈಥಾನನ್ನು ಪಾತ್‌ಗೆ (ವಿಂಡೋಸ್ ಕಮಾಂಡ್‌ಗಳನ್ನು ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸುವ ಚೌಕವಿರುತ್ತದೆ. ಅದಕ್ಕೆ ಟಿಕ್ ಹಾಕದಿದ್ದರೆ ಮುಂದೆ ಪೈಥಾನ್ ಎಂದು ಟೈಪ್ ಮಾಡಿದಾಗ ಕಮಾಂಡ್ ಗೊತ್ತಿಲ್ಲ ಎನ್ನುತ್ತದೆ, ಇಲ್ಲವೇ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ.

ಹೊಸ ಫೋಲ್ಡರ್ ಮಾಡಿ, ಅದರೊಳಗೆ ಕಮಾಂಡ್ ಪ್ರಾಂಪ್ಟ್ ತೆರೆದು 'ಪೈಥಾನ್ -ಎಂ ವೆನ್ವ್ ಗೂಡು' ಎಂದು ಕೊಡಿ. ಈ ಪ್ರಾಜೆಕ್ಟಿಗೆ ಬೇಕಾದ ಪ್ಯಾಕೇಜ್‌ಗಳೆಲ್ಲ 'ಗೂಡು' ಎಂಬ ಫೋಲ್ಡರಿನಲ್ಲೇ ಉಳಿಯುತ್ತವೆ, ಬೇರೆ ಪ್ರಾಜೆಕ್ಟಿಗೆ ತಾಗುವುದಿಲ್ಲ. 'ಗೂಡು\ಸ್ಕ್ರಿಪ್ಟ್ಸ್\ಆ್ಯಕ್ಟಿವೇಟ್' ಕೊಟ್ಟಾಗ ಸಾಲಿನ ಮೊದಲಿಗೆ ಆವರಣದಲ್ಲಿ ಗೂಡು ಎಂದು ಕಾಣಬೇಕು. ಪವರ್‌ಶೆಲ್‌ನಲ್ಲಿ ಸ್ಕ್ರಿಪ್ಟ್ ಓಡಿಸಲು ಅನುಮತಿಯಿಲ್ಲ ಎಂಬ ಕೆಂಪು ಸಾಲು ಬಂದರೆ ತಲೆ ಕೆಡಿಸಿಕೊಳ್ಳದೆ ಮಾಮೂಲಿ ಕಮಾಂಡ್ ಪ್ರಾಂಪ್ಟಿಗೆ ಬನ್ನಿ.

ಇನ್ನು 'ಪಿಪ್ ಇನ್‌ಸ್ಟಾಲ್ ಜಾಂಗೊ'. ಇಂಗ್ಲಿಷಿನಲ್ಲಿ ಈ ಹೆಸರು ಡಿ ಅಕ್ಷರದಿಂದ ಶುರುವಾಗುತ್ತದೆ. ಕಾಗುಣಿತ ತಪ್ಪಿದರೆ ಬೇರೆ ಯಾರದೋ ಪ್ಯಾಕೇಜ್ ಬಂದು ಕೂರಬಹುದು, ಹಾಗಾಗಿ ಎಂಟರ್ ಒತ್ತುವ ಮುಂಚೆ ಒಮ್ಮೆ ನೋಡಿ. ನಂತರ 'ಜಾಂಗೊ-ಅಡ್ಮಿನ್ ಸ್ಟಾರ್ಟ್‌ಪ್ರಾಜೆಕ್ಟ್ ಲೆಕ್ಕ .' ಕೊಡಿ. ಕೊನೆಯ ಚುಕ್ಕೆ ಬಿಟ್ಟರೆ ಫೋಲ್ಡರೊಳಗೆ ಫೋಲ್ಡರ್ ಹುಟ್ಟಿ, ಮ್ಯಾನೇಜ್.ಪೈ ಫೈಲನ್ನು ಹುಡುಕಾಡಬೇಕಾಗುತ್ತದೆ. ಪ್ರಾಜೆಕ್ಟಿಗೆ ಜಾಂಗೊ, ಟೆಸ್ಟ್ ಎಂಬ ಹೆಸರು ಮಾತ್ರ ಬೇಡ. ಜಾಂಗೊ ಮತ್ತು ಪೈಥಾನ್‌ನ ಒಳಗಿನ ಹೆಸರುಗಳೊಂದಿಗೆ ಗೊಂದಲವಾಗುತ್ತದೆ.

'ಪೈಥಾನ್ ಮ್ಯಾನೇಜ್.ಪೈ ರನ್‌ಸರ್ವರ್' ಕೊಟ್ಟು ಬ್ರೌಸರಿನಲ್ಲಿ 127.0.0.1:8000 ತೆರೆಯಿರಿ. ರಾಕೆಟ್ ಚಿತ್ರ ಬಂದರೆ ಎಲ್ಲ ಸರಿಯಿದೆ. ಮೈಗ್ರೇಶನ್ ಬಾಕಿ ಇದೆ ಎಂಬ ಎಚ್ಚರಿಕೆಗೆ ಈಗ ಗಾಬರಿ ಬೇಡ.

ಟೇಬಲ್: ನಿಧಾನವಾಗಿ ಮಾಡುವ ಕೆಲಸ

'ಪೈಥಾನ್ ಮ್ಯಾನೇಜ್.ಪೈ ಸ್ಟಾರ್ಟ್‌ಆ್ಯಪ್ ಮಂಡಿ' ಕೊಟ್ಟು, ಸೆಟ್ಟಿಂಗ್ಸ್.ಪೈ ಫೈಲಿನ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಗೆ 'ಮಂಡಿ' ಸೇರಿಸಿ. ಇದನ್ನು ಮರೆತರೆ ಮುಂದಿನ ಹಂತದಲ್ಲಿ 'ನೋ ಚೇಂಜಸ್ ಡಿಟೆಕ್ಟೆಡ್' ಎಂಬ ಉತ್ತರ ಬರುತ್ತದೆ. ಹೊಸಬರು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ.

ಮಾಡೆಲ್ಸ್.ಪೈ ಮುಟ್ಟುವ ಮೊದಲು ಕಾಗದದ ಮೇಲೆ ಗೆರೆ ಎಳೆಯಿರಿ. ಎಲ್ಲವನ್ನೂ ಒಂದೇ ಟೇಬಲ್‌ಗೆ ತುರುಕಬೇಡಿ. ಒಬ್ಬರೇ ರೈತರ ಮಾಲು ಒಂದೇ ದಿನ ಎರಡು ಮೂರು ಲಾಟ್ ಆಗಿ ಬೇರೆ ಬೇರೆ ದರಕ್ಕೆ ಹೋಗಬಹುದು. ಆದ್ದರಿಂದ ರೈತ ಒಂದು ಮಾಡೆಲ್ (ಕೋಡಿನಲ್ಲಿ ಬರೆಯುವ ಟೇಬಲಿನ ನಕ್ಷೆ), ಲಾಟ್ ಇನ್ನೊಂದು. ರೈತರಿಗೆ ಹೆಸರು, ಊರು, ಫೋನ್. ನಾರಾಯಣಸ್ವಾಮಿ, ಮುನಿಯಪ್ಪ ಎಂಬ ಹೆಸರಿನವರು ವೇಮಗಲ್ ಕಡೆ ಊರಿಗೆ ನಾಲ್ವರಿರುವಾಗ ಬರೀ ಹೆಸರು ನಂಬಿದರೆ ಒಬ್ಬರ ದುಡ್ಡು ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಫೋನ್ ನಂಬರಿಗೆ ಸಂಖ್ಯೆ ಇಡುವ ಇಂಟಿಜರ್‌ಫೀಲ್ಡ್ ಬೇಡ, ಅಕ್ಷರ ಇಡುವ ಕ್ಯಾರ್‌ಫೀಲ್ಡ್ ಇರಲಿ. ಅದನ್ನು ಯಾರೂ ಕೂಡಿ ಕಳೆಯುವುದಿಲ್ಲ, ಮುಂದಿನ ಸೊನ್ನೆಯೂ ಉಳಿಯಬೇಕು.

ಲಾಟ್‌ನಲ್ಲಿ ದಿನಾಂಕ, ಬಾಕ್ಸ್ ಸಂಖ್ಯೆ, ದರ ಮತ್ತು ರೈತರಿಗೆ ಕೊಂಡಿ ಹಾಕುವ ಫಾರಿನ್‌ಕೀ. ಈ ಕೊಂಡಿಗೆ ಆನ್‌_ಡಿಲೀಟ್ (ರೈತರನ್ನು ಅಳಿಸಿದರೆ ಲಾಟ್‌ಗೆ ಏನಾಗಬೇಕೆಂಬ ಸೂಚನೆ) ಕಡ್ಡಾಯ, ಬಿಟ್ಟರೆ ಟೈಪ್‌ಎರರ್. ನೆಟ್‌ನಲ್ಲಿ ಸಿಗುವ ಪಾಠಗಳಲ್ಲಿ ಬಹುಪಾಲು ಕ್ಯಾಸ್ಕೇಡ್ ಎಂದು ಬರೆದಿರುತ್ತದೆ. ಹಾಗೆ ಬರೆದರೆ ರೈತರ ಹೆಸರನ್ನು ಅಳಿಸಿದ ಕೂಡಲೇ ಅವರ ಲಾಟ್‌ಗಳೆಲ್ಲ ಜೊತೆಗೇ ಮಾಯ. ಹಣದ ಲೆಕ್ಕಕ್ಕೆ ಪ್ರೊಟೆಕ್ಟ್ ಹಾಕಿ. ಲಾಟ್ ಇರುವ ತನಕ ರೈತರನ್ನು ಅಳಿಸಲು ಬಿಡುವುದಿಲ್ಲ.

ದರಕ್ಕೆ ಫ್ಲೋಟ್‌ಫೀಲ್ಡ್ ಬಳಸಬೇಡಿ. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿ ನೋಡಿ, 0.30000000000000004 ಬರುತ್ತದೆ. ಡೆಸಿಮಲ್‌ಫೀಲ್ಡ್ ಬೇಕು. ಅದರಲ್ಲಿ ಮ್ಯಾಕ್ಸ್‌_ಡಿಜಿಟ್ಸ್ ಎಂದರೆ ಚುಕ್ಕೆಯ ಹಿಂದಿನ, ಮುಂದಿನ ಅಂಕಿಗಳು ಎಲ್ಲ ಸೇರಿ. 5 ಅಂಕಿ, ಅದರಲ್ಲಿ 2 ದಶಾಂಶ ಎಂದರೆ 999.99ಕ್ಕೇ ನಿಲ್ಲುತ್ತದೆ. 2023ರ ಜುಲೈನಲ್ಲಿ ಬಾಕ್ಸ್ ದರ 2,000 ರೂಪಾಯಿ ದಾಟಿತ್ತು. ಆ ದಿನದ ಲೆಕ್ಕವನ್ನು ಇಂಥ ಫಾರ್ಮ್ ತೆಗೆದುಕೊಳ್ಳುತ್ತಲೇ ಇರಲಿಲ್ಲ. 8 ಮತ್ತು 2 ಕೊಡಿ. ಒಟ್ಟು ಮೊತ್ತಕ್ಕೆ ಬೇರೆ ಕಾಲಂ ಬೇಡ. ಬಾಕ್ಸ್ ಗುಣಿಸು ದರ ಎಂದು ಬೇಕಾದಾಗ ಲೆಕ್ಕ ಹಾಕಿಸಿ. ಇಲ್ಲದಿದ್ದರೆ ದರ ತಿದ್ದಿದ ದಿನ ಮೊತ್ತ ತಿದ್ದುವುದು ಮರೆತುಹೋಗುತ್ತದೆ.

ಬರೆದಾದ ಮೇಲೆ ಎರಡು ಕಮಾಂಡ್. ಇವಕ್ಕೂ, ಮುಂದೆ ಬರುವ ಕಮಾಂಡ್‌ಗಳಿಗೂ ಮೊದಲಿಗೆ 'ಪೈಥಾನ್ ಮ್ಯಾನೇಜ್.ಪೈ' ಇರಬೇಕು. 'ಮೇಕ್‌ಮೈಗ್ರೇಶನ್ಸ್' ಬದಲಾವಣೆಯನ್ನು ಫೈಲಾಗಿ ಬರೆದಿಡುತ್ತದೆ, 'ಮೈಗ್ರೇಟ್' ಅದನ್ನು ಡೇಟಾಬೇಸಿಗೆ ಇಳಿಸುತ್ತದೆ. ಎರಡನೆಯದನ್ನು ಬಿಟ್ಟರೆ 'ನೋ ಸಚ್ ಟೇಬಲ್' ಎರರ್ ಖಚಿತ. ಮಾಡೆಲ್ ಮುಟ್ಟಿದಾಗಲೆಲ್ಲ ಎರಡೂ ಬೇಕು. ಮೈಗ್ರೇಶನ್ಸ್ ಫೋಲ್ಡರಿನ ಫೈಲುಗಳನ್ನು ಕಸವೆಂದು ಅಳಿಸಬೇಡಿ.

ಅಡ್ಮಿನ್

'ಕ್ರಿಯೇಟ್‌ಸೂಪರ್‌ಯೂಸರ್' ಕಮಾಂಡಿನಿಂದ ಲಾಗಿನ್ ಮಾಡಿಕೊಳ್ಳಿ. ಪಾಸ್‌ವರ್ಡ್ ಟೈಪಿಸುವಾಗ ಪರದೆಯ ಮೇಲೆ ಏನೂ ಕಾಣದು, ಕೀಬೋರ್ಡ್ ಕೆಟ್ಟಿಲ್ಲ. ಅಡ್ಮಿನ್.ಪೈನಲ್ಲಿ ಎರಡೂ ಮಾಡೆಲ್‌ಗಳನ್ನು ರಿಜಿಸ್ಟರ್ ಮಾಡಿ, ವಿಳಾಸದ ಕೊನೆಗೆ /ಅಡ್ಮಿನ್/ ಸೇರಿಸಿದರೆ ಫಾರ್ಮ್ ಸಿದ್ಧ. ಪಟ್ಟಿಯಲ್ಲಿ ರೈತರ ಹೆಸರಿನ ಬದಲು 'ಆಬ್ಜೆಕ್ಟ್ 1' ಎಂದು ಕಂಡರೆ, ಮಾಡೆಲ್‌ನಲ್ಲಿ ಎಸ್‌ಟಿಆರ್ ಫಂಕ್ಷನ್ ಬರೆದು ಹೆಸರು ಮತ್ತು ಊರನ್ನು ಹಿಂದಿರುಗಿಸಿ. ಆ ಫಂಕ್ಷನ್ ಹೆಸರಿನ ಎರಡೂ ಬದಿಗೆ ಎರಡೆರಡು ಅಂಡರ್‌ಸ್ಕೋರ್ ಇರಬೇಕು.

ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಜೋನ್ ಮೊದಲಿಗೆ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇರುತ್ತದೆ. ಅದನ್ನು 'ಏಷ್ಯಾ/ಕೋಲ್ಕತ್ತಾ' ಮಾಡದಿದ್ದರೆ, ದಿನಾಂಕವನ್ನು ಜಾಂಗೊ ತಾನೇ ತುಂಬುವಂತೆ ಇಟ್ಟಾಗ, ಬೆಳಗಿನ 5.30ಕ್ಕೆ ಮುಂಚೆ ಬರೆದ ಲಾಟ್ ಹಿಂದಿನ ದಿನದ ಲೆಕ್ಕಕ್ಕೆ ಸೇರಬಹುದು. ಲ್ಯಾಂಗ್ವೇಜ್ ಕೋಡ್‌ಗೆ 'ಕೆಎನ್' ಕೊಟ್ಟರೆ ಅಡ್ಮಿನ್ ಕನ್ನಡಕ್ಕೆ ತಿರುಗುತ್ತದೆ. ಅನುವಾದ ಪೂರ್ತಿಯಿಲ್ಲ, ಅಲ್ಲಲ್ಲಿ ಇಂಗ್ಲಿಷ್ ಉಳಿದಿರುತ್ತದೆ.

ಇಷ್ಟಾದ ಮೇಲೆ ಸ್ವಂತ ಪುಟ. ವ್ಯೂಸ್.ಪೈನಲ್ಲಿ ಇಂದಿನ ಲಾಟ್‌ಗಳನ್ನು ಆರಿಸಿ, ಯುಆರ್‌ಎಲ್ಸ್.ಪೈನಲ್ಲಿ ವಿಳಾಸ ಕೊಟ್ಟು, 'ಮಂಡಿ/ಟೆಂಪ್ಲೇಟ್ಸ್/ಮಂಡಿ' ಫೋಲ್ಡರಿನಲ್ಲಿ ಎಚ್‌ಟಿಎಂಎಲ್ ಫೈಲ್ ಇಡಿ. 'ಟೆಂಪ್ಲೇಟ್ ಡಸ್ ನಾಟ್ ಎಕ್ಸಿಸ್ಟ್' ಎಂದರೆ ಫೋಲ್ಡರ್ ಹೆಸರಿನಲ್ಲಿ ಎಸ್ ಬಿಟ್ಟಿರಬಹುದು, ಅಥವಾ ನೋಟ್‌ಪ್ಯಾಡ್ ಫೈಲಿನ ಬಾಲಕ್ಕೆ ಟಿಎಕ್ಸ್‌ಟಿ ಅಂಟಿಸಿರಬಹುದು. ಮಾಹಿತಿ ಕಳಿಸುವ ಪೋಸ್ಟ್ ಫಾರ್ಮ್ ಇದ್ದರೆ ಅದರೊಳಗೆ ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಿಮ್ಮದೇ ಪುಟದಿಂದ ಬಂದದ್ದೆಂಬ ಗುರುತು) ಸಾಲು ಹಾಕಿ, ಇಲ್ಲದಿದ್ದರೆ 403, ಅಂದರೆ ಅನುಮತಿಯಿಲ್ಲ ಎಂಬ ಎರರ್.

ಅದೇ ವೈಫೈನಲ್ಲಿರುವ ಮೊಬೈಲಿನಲ್ಲಿ ನೋಡಲು 'ರನ್‌ಸರ್ವರ್ 0.0.0.0:8000' ಕೊಟ್ಟು, ಲ್ಯಾಪ್‌ಟಾಪಿನ ಐಪಿ ವಿಳಾಸವನ್ನು ಸೆಟ್ಟಿಂಗ್ಸ್‌ನ ಅಲೌಡ್ ಹೋಸ್ಟ್ಸ್ ಪಟ್ಟಿಗೆ ಸೇರಿಸಿ. ಆದರೂ ತೆರೆಯದಿದ್ದರೆ ವಿಂಡೋಸ್ ಫೈರ್‌ವಾಲ್ ತಡೆಯುತ್ತಿರಬಹುದು. ಈ ರನ್‌ಸರ್ವರ್ ಕಲಿಕೆಗಷ್ಟೇ. ಇಂಟರ್‌ನೆಟ್ಟಿಗೆ ಏರಿಸುವ ದಿನ ಸೆಟ್ಟಿಂಗ್ಸ್‌ನಲ್ಲಿ ಡೀಬಗ್ ಅನ್ನು ಫಾಲ್ಸ್ ಮಾಡಿ, ಸೀಕ್ರೆಟ್ ಕೀಯನ್ನು ಕೋಡಿನಿಂದ ಹೊರಗಿಟ್ಟು, 'ಪೈಥಾನ್ ಮ್ಯಾನೇಜ್.ಪೈ ಚೆಕ್ --ಡಿಪ್ಲಾಯ್' ಕೊಡಿ. ಇನ್ನೇನು ತಿದ್ದಬೇಕೆಂದು ಅದೇ ಪಟ್ಟಿ ಕೊಡುತ್ತದೆ.