ಆನ್ ಮಾಡಿದ ಕೂಡಲೇ ಇಡದ ಪಾಸ್‌ವರ್ಡ್ ಕೇಳಿದರೆ

ನೀವು ಯಾವತ್ತೂ ಇಡದ ಪಾಸ್‌ವರ್ಡನ್ನು ಕಂಪ್ಯೂಟರ್ ಕೇಳಿದರೆ ಗಾಬರಿಯಿಂದ ಫಾರ್ಮ್ಯಾಟ್ ಮಾಡಿಸಬೇಡಿ. ಮೊದಲು ಸ್ಕ್ರೀನ್ ಮೇಲಿರುವುದನ್ನು ಪೂರ್ತಿ ಓದಿ. ನೀಲಿ ಸ್ಕ್ರೀನ್‌ನಲ್ಲಿ 48 ಅಂಕಿಗಳ ರಿಕವರಿ ಕೀ ಕೇಳುತ್ತಿದ್ದರೆ ಅದು ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನದೇ ಸೌಲಭ್ಯ. ಬಯಾಸ್ (ಕಂಪ್ಯೂಟರನ್ನು ಆರಂಭಿಸುವ ಮೂಲ ತಂತ್ರಾಂಶ) ಅಪ್‌ಡೇಟ್ ಆದಮೇಲೂ ಹೀಗಾಗುವುದುಂಟು. ಅಲ್ಲಿ ತೋರಿಸುವ ಕೀ ಐಡಿಯ ಮೊದಲ 8 ಅಕ್ಷರ ಬರೆದುಕೊಳ್ಳಿ. ಮೊಬೈಲ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಅದಕ್ಕೆ ಹೊಂದುವ ಕೀ ಹುಡುಕಿ. ಮನೆಯ ಬೇರೆಯವರ ಖಾತೆಯಿಂದ ಸೆಟಪ್ ಮಾಡಿದ್ದರೆ ಅವರದರಲ್ಲೂ ನೋಡಿ.

ವಿಂಡೋಸ್ 7ರಂಥ ಹಳೆಯದರಲ್ಲಿ ಚಿಕ್ಕ ಬಾಕ್ಸ್ ಬಂದು ‘ಸ್ಟಾರ್ಟಪ್ ಪಾಸ್‌ವರ್ಡ್’ ಕೇಳಿದರೆ ಮಾತ್ರ ಅನುಮಾನಪಡಿ. ವೈರಸ್ ಬಂದಿದೆ ಎಂದು ಫೋನ್ ಮಾಡಿ ರಿಮೋಟ್‌ನಲ್ಲಿ ಒಳಹೊಕ್ಕ ವಂಚಕರು ಸಿಸ್‌ಕೀ ಎಂಬ ವಿಂಡೋಸ್‌ನದೇ ಹಳೆಯ ಸಾಧನ ಬಳಸಿ ಲಾಕ್ ಮಾಡುತ್ತಿದ್ದದ್ದು ಹೀಗೆಯೇ. ದಯವಿಟ್ಟು ಅವರಿಗೆ ಹಣ ಕೊಡಬೇಡಿ. ಸಿಸ್‌ಕೀ ನಿಮ್ಮ ಫೋಟೊ, ಫೈಲ್‌ಗಳನ್ನು ಎನ್‌ಕ್ರಿಪ್ಟ್ (ಕೀ ಇಲ್ಲದೆ ಓದಲಾಗದಂತೆ) ಮಾಡುವುದಿಲ್ಲ. ಹಾರ್ಡ್ ಡಿಸ್ಕನ್ನು ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸಿ ಮೊದಲು ಅವನ್ನೆಲ್ಲ ಕಾಪಿ ಮಾಡಿಕೊಳ್ಳಿ, ಆಮೇಲೆ ವಿಂಡೋಸ್ ಹೊಸದಾಗಿ ಹಾಕಿಸಿ.